ಕಾಣದ ಪ್ರಾಣಿಗಳನ್ನೂ ಲೆಕ್ಕಕ್ಕೆ ತರುವ ಕೆಲಸ: ವನ್ಯಜೀವಿ ಅಂದಾಜನ್ನು ವೃತ್ತಿಯಾಗಿ ಕಲಿಯುವ ಬಗೆ

ವನ್ಯಜೀವಿ ವಿಜ್ಞಾನಿಯಾಗಬೇಕೆಂದು ಹೊರಡುವವರು ಮೊದಲು ಪ್ರಾಣಿ ಗುರುತಿಸುವುದನ್ನು, ಕಾಡಿನಲ್ಲಿ ನಡೆಯುವುದನ್ನು ಕಲಿಯುತ್ತಾರೆ. ಅವೆರಡೂ ಬೇಕು. ಆದರೆ ಕಂಡ ಪ್ರಾಣಿಗಳನ್ನು ಯಾರು ಬೇಕಾದರೂ ಎಣಿಸಬಹುದು. ಕಣ್ಣಿಗೆ ಬೀಳದೆ ಉಳಿದವು ಎಷ್ಟು ಎಂದು ಲೆಕ್ಕಹಾಕಿ ಹೇಳುವುದೇ ಈ ವೃತ್ತಿ. ಕಳೆದ ವರ್ಷ 40 ಜಿಂಕೆ ಕಂಡು ಈ ವರ್ಷ 60 ಕಂಡರೆ ಜಿಂಕೆ ಹೆಚ್ಚಿದವು ಎನ್ನಲಾಗದು. ಬೆಂಕಿ ಬಿದ್ದು ಪೊದೆ ಸುಟ್ಟಿದ್ದರೆ ನೋಟ ದೂರ ಹರಿದಿರುತ್ತದೆ, ಅಷ್ಟೇ ಆಗಿರಬಹುದು.

ಆದ್ದರಿಂದ ಓದಿನ ಆಯ್ಕೆಯೂ ಅದಕ್ಕೆ ತಕ್ಕಂತಿರಲಿ. ಜೀವಶಾಸ್ತ್ರ, ಅರಣ್ಯಶಾಸ್ತ್ರ, ಪಶುವೈದ್ಯ, ಯಾವ ಕಡೆಯಿಂದ ಬಂದರೂ ಸರಿ, ಸಂಖ್ಯಾಶಾಸ್ತ್ರವನ್ನು ತಪ್ಪಿಸಿಕೊಳ್ಳಬೇಡಿ. ಸಂಭವನೀಯತೆ, ಮಾದರಿ (ಸ್ಯಾಂಪಲ್) ಆಯ್ಕೆ, ರಿಗ್ರೆಷನ್ (ಒಂದು ಅಂಶ ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆಂದು ಅಳೆಯುವ ಲೆಕ್ಕ) ಈ ಮೂರು ಗಟ್ಟಿಯಾಗಲಿ. ಇಂಥ ಲೆಕ್ಕಗಳಿಗೆ ಬಳಸುವ ‘ಆರ್’ (R) ತಂತ್ರಾಂಶ ಉಚಿತ. ಈ ಕ್ಷೇತ್ರದ ಬಹುಪಾಲು ವಿಶ್ಲೇಷಣೆ ಅದರಲ್ಲೇ ನಡೆಯುತ್ತದೆ.

ಸೀಳುದಾರಿ ಸಮೀಕ್ಷೆ

ಸೀಳುದಾರಿ (ಲೈನ್ ಟ್ರಾನ್ಸೆಕ್ಟ್) ಎಂದರೆ ಕಾಡನ್ನು ಸೀಳಿಕೊಂಡು ಹೋಗುವ ನೇರ ಗೆರೆ, ಅದರ ಮೇಲೆ ನಡೆಯುತ್ತ ಕಂಡ ಪ್ರಾಣಿಗಳನ್ನು ದಾಖಲಿಸುತ್ತಾರೆ. ಜಿಂಕೆ, ಕಾಡೆಮ್ಮೆಯಂಥ ಗೊರಸಿನ ಪ್ರಾಣಿಗಳಿಗೆ ಇದೇ ಮೂಲ ವಿಧಾನ. ಮೊದಲು ನಕ್ಷೆಯ ಮೇಲೆ ನೇರ ಗೆರೆಗಳನ್ನು ಹಾಕಿಕೊಳ್ಳಿ. ಗೆರೆಗಳ ಜಾಗವನ್ನು ಯಾದೃಚ್ಛಿಕವಾಗಿ ನಿರ್ಧರಿಸಬೇಕು, ನಡೆಯಲು ಹಿತವೆಂದಲ್ಲ. ಇರುವ ಜೀಪ್ ರಸ್ತೆಯನ್ನೇ ಸೀಳುದಾರಿ ಮಾಡಿಕೊಳ್ಳುವುದು ಎಲ್ಲೆಡೆ ಕಾಣುವ ತಪ್ಪು. ಕೆಲವು ಪ್ರಾಣಿಗಳು ರಸ್ತೆಯ ಅಂಚಿನ ಹುಲ್ಲಿಗೆ ಬರುತ್ತವೆ, ಕೆಲವು ರಸ್ತೆಯಿಂದ ದೂರವಿರುತ್ತವೆ. ಎರಡರಲ್ಲೂ ಅಂದಾಜು ಕೆಡುತ್ತದೆ. ಕನಿಷ್ಠ 10ರಿಂದ 20 ಗೆರೆಗಳಿರಲಿ. ಒಂದೇ ಗೆರೆಯಲ್ಲಿ ಇಪ್ಪತ್ತು ಸಲ ನಡೆದರೆ ಇಪ್ಪತ್ತು ಗೆರೆ ನಡೆದಂತಾಗುವುದಿಲ್ಲ.

ಇಬ್ಬರು, ಬೆಳಕು ಹರಿಯುತ್ತಿದ್ದಂತೆ, ಸದ್ದಿಲ್ಲದೆ, ನಿಧಾನವಾಗಿ ನಡೆಯಿರಿ. ಪ್ರಾಣಿ ಕಂಡ ಕೂಡಲೇ ನಿಂತು ನಾಲ್ಕು ವಿಷಯ ಬರೆಯಿರಿ: ರೇಂಜ್‌ಫೈಂಡರ್ ತೋರಿಸುವ ದೂರ, ದಿಕ್ಸೂಚಿಯಲ್ಲಿ ಪ್ರಾಣಿಯಿರುವ ದಿಕ್ಕು, ಗೆರೆಯ ದಿಕ್ಕು, ಗುಂಪಿನಲ್ಲಿರುವ ಪ್ರಾಣಿಗಳ ಸಂಖ್ಯೆ. ಗುಂಪಾಗಿದ್ದರೆ ಗುಂಪಿನ ನಡುವಿಗೆ ಅಳೆಯಬೇಕು, ಹತ್ತಿರದ ಪ್ರಾಣಿಗಲ್ಲ. ಅದು ಓಡಿಹೋದರೆ ಮೊದಲು ನಿಂತಿದ್ದ ಜಾಗದ ಮರಕ್ಕೋ ಪೊದೆಗೋ ಅಳೆಯಿರಿ. ಎರಡು ದಿಕ್ಕುಗಳ ನಡುವಿನ ಕೋನದ ಸೈನ್ ಬೆಲೆಯಿಂದ ದೂರವನ್ನು ಗುಣಿಸಿದರೆ ಗೆರೆಯಿಂದ ಪ್ರಾಣಿಗಿರುವ ಲಂಬ ದೂರ ಸಿಗುತ್ತದೆ. ದೂರ 50 ಮೀಟರ್, ಕೋನ 30 ಡಿಗ್ರಿಯಾದರೆ ಲಂಬ ದೂರ 25 ಮೀಟರ್.

ಗೆರೆಯಿಂದ ದೂರ ಹೋದಂತೆ ಪ್ರಾಣಿಗಳು ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ. ಆ ಇಳಿಕೆಯ ವಕ್ರರೇಖೆಯೇ ತಪ್ಪಿಹೋದವು ಎಷ್ಟೆಂದು ತಿಳಿಸುತ್ತದೆ. ನಂಬುವಂಥ ರೇಖೆಗೆ 60ರಿಂದ 80 ನೋಟಗಳಾದರೂ ಬೇಕು. ಲೆಕ್ಕ ಹೀಗೆ: ಒಟ್ಟು 200 ಕಿ.ಮೀ. ನಡಿಗೆ, ಗೆರೆಯ ಎರಡೂ ಬದಿಗೆ 60 ಮೀಟರ್ ವರೆಗಿನ ನೋಟಗಳು. ಅಂದರೆ 24 ಚದರ ಕಿ.ಮೀ. ಆ ಪಟ್ಟಿಯೊಳಗಿನ ಗುಂಪು ಕಾಣುವ ಸಂಭವ 0.5 ಎಂದು ರೇಖೆ ಹೇಳಿದರೆ, ನಿಜವಾಗಿ ನೋಡಿದಂತಾಗುವುದು 12 ಚದರ ಕಿ.ಮೀ. ಮಾತ್ರ. 80 ಗುಂಪು ಕಂಡಿದ್ದು, ಗುಂಪಿಗೆ ಸರಾಸರಿ 3 ಪ್ರಾಣಿಗಳಿದ್ದರೆ, ಚದರ ಕಿ.ಮೀ.ಗೆ ಸುಮಾರು 20 ಪ್ರಾಣಿ.

ಇದು ಕೆಡುವುದು ಎಲ್ಲಿ? ದೂರವನ್ನು ಕಣ್ಣಳತೆಯಲ್ಲಿ ಬರೆದಾಗ 10, 20, 30ರಲ್ಲಿ ಸಂಖ್ಯೆಗಳು ರಾಶಿ ಬೀಳುತ್ತವೆ. ಮುಖ್ಯವಾಗಿ ‘0’ ಎಂದು ಸುಮ್ಮನೆ ಬರೆಯಬೇಡಿ. ಸೊನ್ನೆಯ ರಾಶಿ ರೇಖೆಯ ಆರಂಭವನ್ನೇ ಎತ್ತಿಬಿಡುತ್ತದೆ, ಅಂದಾಜು ಉಬ್ಬುತ್ತದೆ. ನಿಮ್ಮ ಸದ್ದಿಗೆ ಪ್ರಾಣಿ ಮೊದಲೇ ಸರಿದು ಆಮೇಲೆ ಕಂಡರೆ ಅಂದಾಜು ಕುಗ್ಗುತ್ತದೆ. ದೂರದಲ್ಲಿ ದೊಡ್ಡ ಗುಂಪುಗಳಷ್ಟೇ ಕಾಣುವುದರಿಂದ ಸರಾಸರಿ ಗುಂಪಿನ ಗಾತ್ರವೂ ಹಿಗ್ಗುತ್ತದೆ. ವಿಶ್ಲೇಷಣೆಯಲ್ಲಿ ಅದನ್ನು ಸರಿಪಡಿಸಬೇಕು.

ಕ್ಯಾಮೆರಾ ಟ್ರ್ಯಾಪ್

ಪ್ರಾಣಿ ಎದುರು ಹಾದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಇದು. ಮೈಮೇಲೆ ಪಟ್ಟೆ, ಚುಕ್ಕೆ ಇರುವ ಪ್ರಾಣಿಗಳನ್ನು ಅದರ ಚಿತ್ರಗಳಲ್ಲಿ ಒಂದೊಂದಾಗಿ ಗುರುತಿಸಬಹುದು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳನ್ನು ಹೀಗೆ ಅಂದಾಜಿಸಿ 1995ರಲ್ಲಿ ಪ್ರಕಟಿಸಿದ ಮೇಲೆ ಈ ವಿಧಾನ ಬೇರೆ ದೊಡ್ಡ ಬೆಕ್ಕುಗಳಿಗೂ ಹಬ್ಬಿತು. ಬಲ ಮಗ್ಗುಲಿನ ಪಟ್ಟೆ ಎಡ ಮಗ್ಗುಲಿನಂತಿರುವುದಿಲ್ಲ, ಹಾಗಾಗಿ ದಾರಿಯ ಎರಡೂ ಕಡೆ ಒಂದೊಂದು ಕ್ಯಾಮೆರಾ ಬೇಕು. ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣಿಗೆ ಹೊಡೆಯದಂತೆ ತುಸು ಓರೆಯಾಗಿ ನಿಲ್ಲಿಸಿ. ಹುಲಿ, ಚಿರತೆಗಾದರೆ ನೆಲದಿಂದ 40-50 ಸೆಂ.ಮೀ. ಎತ್ತರ, ದಾರಿಯ ನಡುವಿನಿಂದ 3-4 ಮೀಟರ್ ದೂರ. ಮುಂದಿನ ಹುಲ್ಲನ್ನು ಸವರಿ, ಇಲ್ಲದಿದ್ದರೆ ಬಿಸಿಲಲ್ಲಿ ಅಲುಗಾಡುವ ಹುಲ್ಲಿನ ಸಾವಿರಾರು ಚಿತ್ರಗಳಿಂದ ಕಾರ್ಡ್ ತುಂಬುತ್ತದೆ. ಹೊರಡುವ ಮೊದಲು ನೀವೇ ತೆವಳಿ ಹಾದುಹೋಗಿ ಪರೀಕ್ಷಿಸಿ, ಜಾಗದ ಸಂಖ್ಯೆ ಬರೆದ ಚೀಟಿಯೊಂದನ್ನು ಹಿಡಿದು ಚಿತ್ರ ತೆಗೆಸಿ. ಗಡಿಯಾರ, ದಿನಾಂಕ ಎರಡು ಸಲ ನೋಡಿ. ಬ್ಯಾಟರಿ ಬದಲಿಸಿದಾಗ ದಿನಾಂಕ ಹಿಂದಕ್ಕೆ ಹೋದರೆ ಆ ಜಾಗದ ಮಾಹಿತಿ ನಂಬಲಾಗದಂತಾಗುತ್ತದೆ.

ಸಮೀಕ್ಷೆ 45ರಿಂದ 60 ದಿನ ಮೀರದಿರಲಿ. ಹೆಚ್ಚಾದರೆ ಹುಟ್ಟು, ಸಾವು, ವಲಸೆ ನಡುವೆ ಬರುತ್ತವೆ. ಒಂದು ಹೆಣ್ಣಿನ ಓಡಾಟದ ವ್ಯಾಪ್ತಿಯೊಳಗೆ ಎರಡಾದರೂ ಕ್ಯಾಮೆರಾ ಜಾಗ ಬೀಳುವಂತೆ ಅಂತರ ಇಡಿ. ಚಿತ್ರಗಳನ್ನು ಇಬ್ಬರು ಬೇರೆಬೇರೆಯಾಗಿ ಗುರುತಿಸಿ ಆಮೇಲೆ ಹೋಲಿಸಬೇಕು. ಒಂದೇ ಪ್ರಾಣಿಯನ್ನು ಎರಡೆಂದು ಬಗೆದರೆ ಸಂಖ್ಯೆ ಏರುತ್ತದೆ, ಮರುಸೆರೆ (ಮೊದಲೇ ಕಂಡ ಪ್ರಾಣಿ ಮತ್ತೆ ಚಿತ್ರಕ್ಕೆ ಸಿಗುವುದು) ಕಡಿಮೆಯಾಗಿ ಇನ್ನಷ್ಟು ಏರುತ್ತದೆ.

ಹಿಂದಿರುವ ತರ್ಕ ಹಳೆಯದು. ಮೊದಲ ಸಲ 20 ಪ್ರಾಣಿ, ಎರಡನೇ ಸಲ 25, ಅವುಗಳಲ್ಲಿ 10 ಮೊದಲೇ ಕಂಡವು ಎಂದಿಟ್ಟುಕೊಳ್ಳಿ. ಮೂರೂ ಸಂಖ್ಯೆಗಳಿಗೆ ಒಂದೊಂದು ಸೇರಿಸಿಕೊಂಡು, 21ನ್ನು 26ರಿಂದ ಗುಣಿಸಿ, 11ರಿಂದ ಭಾಗಿಸಿ, 1 ಕಳೆದರೆ ಒಟ್ಟು ಪ್ರಾಣಿಗಳು ಸುಮಾರು 49. ಪ್ರಾಣಿಗಳ ಓಡಾಟದ ಜಾಗವನ್ನೂ ಸೇರಿಸಿಕೊಳ್ಳುವ ಈಗಿನ ಗಣಿತ ಮಾದರಿಗಳು 2004ರ ನಂತರ ಬೆಳೆದವು. ಕೈಯಲ್ಲಿ ಈ ಸಣ್ಣ ಲೆಕ್ಕ ಮಾಡಿ ಕಲಿತವರಿಗೆ ಅವು ಬೇಗ ಹತ್ತುತ್ತವೆ.

ಗುರುತಿಸಲಾಗದ, ಅಪರೂಪದ ಪ್ರಾಣಿಗಳಿಗೆ ಇದೆ ಅಥವಾ ಇಲ್ಲ ಎಂಬ ದಾಖಲೆಯೇ ಸಾಕು, ಆದರೆ ಒಂದೇ ಜಾಗಕ್ಕೆ ಹಲವು ಸಲ ಹೋಗಬೇಕು. ಒಂದು ಭೇಟಿಯಲ್ಲಿ ಕಾಣುವ ಸಂಭವ 0.4 ಇದ್ದರೆ, ನಾಲ್ಕು ಭೇಟಿಯ ನಂತರವೂ ತಪ್ಪಿಹೋಗುವ ಸಂಭವ ಶೇ. 13.

ಕೆಲಸ ಹಿಡಿಯುವುದು

ಸಂಶೋಧನಾ ತಂಡಗಳಲ್ಲಿ ಕ್ಷೇತ್ರ ಸಹಾಯಕರಾಗಿ ಸೇರಿ. ಒಂದು ಸಮೀಕ್ಷೆಯಲ್ಲಿ ಆರಂಭದಿಂದ ವರದಿಯವರೆಗೆ ಇರುವುದು ಐದು ಕಡೆ ವಾರವಾರ ಹೋಗಿ ಬರುವುದಕ್ಕಿಂತ ಮೇಲು. ಆಯಾ ಕಾಡನ್ನು ಬಲ್ಲ ಸ್ಥಳೀಯರ ಜೊತೆ ನಡೆಯಿರಿ, ಲದ್ದಿ, ಹಿಕ್ಕೆ, ಹೆಜ್ಜೆಗುರುತು ಅವರಿಂದಲೇ ಕಲಿಯಬೇಕು. ಏನೂ ಕಾಣದ ದಿನವನ್ನೂ ದಾಖಲಿಸುವ ಅಭ್ಯಾಸವಾಗಲಿ. ಸೊನ್ನೆ ಬಿಟ್ಟುಹೋದರೆ ನಡೆದ ದೂರವೇ ತಪ್ಪಾಗುತ್ತದೆ. ಅದೇ ಸಂಜೆ ಹಾಳೆಯನ್ನು ಕಂಪ್ಯೂಟರಿಗೆ ಏರಿಸಿ, ಎರಡು ಕಡೆ ಪ್ರತಿ ಇಡಿ. ಅನುಮತಿ ಪತ್ರಗಳಿಗೆ ತಿಂಗಳುಗಟ್ಟಲೆ ಹಿಡಿಯಬಹುದು, ಆ ಸಮಯವನ್ನು ಯೋಜನೆಯಲ್ಲೇ ಸೇರಿಸಿ.

ವರದಿಯಲ್ಲಿ ಒಂಟಿ ಸಂಖ್ಯೆ ಕೊಡಬೇಡಿ, ವಿಶ್ವಾಸ ವ್ಯಾಪ್ತಿಯೊಡನೆ (ನಿಜ ಸಂಖ್ಯೆ ಎಷ್ಟರಿಂದ ಎಷ್ಟರ ನಡುವೆ ಇರಬಹುದು ಎಂಬುದರೊಡನೆ) ಕೊಡಿ. ಎರಡು ವರ್ಷಗಳ ಅಂದಾಜಿನಲ್ಲೂ ಪ್ರಮಾಣಿತ ದೋಷ (ಅಂದಾಜು ಎಷ್ಟು ಅತ್ತಿತ್ತ ಆಗಬಹುದೆಂಬ ಅಳತೆ) ಶೇ. 20 ಇದ್ದರೆ, ಅವುಗಳ ನಡುವಿನ ಶೇ. 15ರ ಇಳಿಕೆ ನಿಜವೋ ಆಕಸ್ಮಿಕವೋ ಹೇಳಲು ಬರುವುದಿಲ್ಲ. ಪತ್ರಿಕೆಯವರು, ಅಧಿಕಾರಿಗಳು ಒತ್ತಾಯಿಸಿದರೂ ಅದನ್ನು ಹಾಗೆಯೇ ಹೇಳಿ. ಬೇಟೆಗಾರರ ಕಣ್ಣು ಬಿದ್ದಿರುವ ಪ್ರಾಣಿಗಳಾದರೆ ನಿಖರ ಜಾಗವನ್ನು ಪ್ರಕಟಿಸಬಾರದು. ಹಂಚಿಕೊಳ್ಳುವ ಚಿತ್ರದಲ್ಲಿ ಜಿಪಿಎಸ್ ಮಾಹಿತಿ ಅಡಗಿರಬಹುದು, ಅದನ್ನು ಅಳಿಸಿಯೇ ಕಳಿಸಿ.