ಮೇಜಿನ ಮೇಲೊಂದು ಚಪ್ಪಲಿ: ಉಡುಗೆಯಿಂದ ರಸಪ್ರಶ್ನೆ ಕಟ್ಟಿದ ನನ್ನ ಅನುಭವ

ರಸಪ್ರಶ್ನೆ ನಡೆಸುವ ನಮ್ಮ ಬಳಗದಲ್ಲಿ ಸಿನಿಮಾ ಸುತ್ತು ಎಂದರೆ ಹಾಡಿನ ತುಣುಕು ಕೇಳಿಸಿ ಚಿತ್ರದ ಹೆಸರು ಕೇಳುವುದು, ರಂಗಭೂಮಿಯ ಸುತ್ತು ಎಂದರೆ ನಾಟಕದ ಹೆಸರು ಹೇಳಿ ಬರೆದವರು ಯಾರೆಂದು ಕೇಳುವುದು. ಈ ರೂಢಿ ನಾನು ಸ್ಪರ್ಧಿಯಾಗಿದ್ದ ಕಾಲದಿಂದಲೂ ಬದಲಾಗಿಲ್ಲ. ಹೀಗಿರುವಾಗ ಒಂದು ಇಡೀ ಸಂಜೆಯ ಸ್ಪರ್ಧೆಯನ್ನು ಸೀರೆ, ಚಪ್ಪಲಿ, ಮೀಸೆ, ಕಿರೀಟಗಳನ್ನೇ ಮುಂದಿಟ್ಟುಕೊಂಡು ನಡೆಸುತ್ತೇನೆಂದು ನಾನು ಹೇಳಿದಾಗ, ಹುಬ್ಬಳ್ಳಿಯ ನನ್ನ ಗೆಳೆಯರು ಅದನ್ನು ಸೀರೆ ಅಂಗಡಿಯ ಆಷಾಢ ಮಾರಾಟಕ್ಕೆ ಹೋಲಿಸಿ ನಕ್ಕರು. ನಾನು ಪ್ರತಿ ವರ್ಷ ರಾಜ್ಯೋತ್ಸವದ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಸಂಘವೊಂದು, ಹಾಡಿನ ಸುತ್ತು ಇಲ್ಲದಿದ್ದರೆ ಸಭಾಂಗಣದ ಬಾಡಿಗೆಯನ್ನು ತಾನು ಕೊಡುವುದಿಲ್ಲವೆಂದು ಸ್ಪಷ್ಟವಾಗಿ ತಿಳಿಸಿತು. ಆದುದರಿಂದ ಮೊದಲ ವರ್ಷದ ಖರ್ಚೆಲ್ಲವೂ ನನ್ನದೇ.

ಆ ವರ್ಷ ನಾನು ಮಾಡಿದ ದೊಡ್ಡ ತಪ್ಪು ಎಂದರೆ ವಸ್ತುಗಳ ಬದಲು ಅವುಗಳ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದ್ದು. ಪರದೆಗೆ ಬಂದ ಚಿತ್ರವನ್ನು ಸಭಿಕರು ಮೊಬೈಲಿನಲ್ಲಿ ಹಿಡಿದು ಹುಡುಕಿ, ಸ್ಪರ್ಧಿಗಳು ಯೋಚಿಸುತ್ತಿರುವಾಗಲೇ ಉತ್ತರವನ್ನು ಪಿಸುಗುಟ್ಟತೊಡಗಿದರು. ಅರ್ಧ ದಾರಿಯಲ್ಲಿ ಎರಡು ತಂಡಗಳು ಎದ್ದುಹೋದವು. ಸಭಾಂಗಣ, ಪ್ರೊಜೆಕ್ಟರ್, ಬಹುಮಾನ, ಚಹಾ ಎಲ್ಲವೂ ಸೇರಿ ಸುಮಾರು 14,000 ರೂಪಾಯಿ ಕೈಬಿಟ್ಟಿತು. 50 ರೂಪಾಯಿಯ ಪ್ರವೇಶಪತ್ರಗಳಿಂದ ಬಂದದ್ದು ಎರಡು ಸಾವಿರವನ್ನೂ ಮುಟ್ಟಲಿಲ್ಲ.

ಎರಡನೆಯ ವರ್ಷ ಪರದೆಯನ್ನು ಬಿಟ್ಟು ನಿಜವಾದ ವಸ್ತುಗಳನ್ನೇ ತಂದೆ. ಕಿರೀಟ, ಭುಜಕೀರ್ತಿ, ಗದೆಗಳು ನಾಟಕದ ಸಾಮಾನು ಬಾಡಿಗೆಗೆ ಕೊಡುವವರಲ್ಲಿ ಸಿಕ್ಕವು; ದಿನಕ್ಕೆ ಆರುನೂರೋ ಏಳುನೂರೋ ಬಾಡಿಗೆ, ಮೇಲೆ ಎರಡು ಸಾವಿರ ಠೇವಣಿ. ಒಂದು ಪುಟ್ಟ ಮಗು ಕಿರೀಟದ ಮೇಲೆ ಕುಳಿತದ್ದರಿಂದ ಠೇವಣಿಯಲ್ಲಿ ಒಂಬತ್ತುನೂರು ರೂಪಾಯಿ ಮುರಿದುಕೊಂಡರು, ಅದು ನ್ಯಾಯವೇ. ಸ್ಪರ್ಧೆ ಕೆಟ್ಟದ್ದು ಮಾತ್ರ ಬೇರೊಂದು ಕಾರಣದಿಂದ. ರಾವಣನ ಕಿರೀಟವನ್ನು ಮೇಜಿನ ಮೇಲಿಟ್ಟು, ಕನ್ನಡದಲ್ಲಿ ಮೊದಲು ತಯಾರಾದ ವಾಕ್ಚಿತ್ರದ ಹೆಸರೇನೆಂದು ಕೇಳಿದೆ. ನನ್ನ ಹಾಳೆಯಲ್ಲಿದ್ದ ಉತ್ತರ, 1934ರ ಮಾರ್ಚ್ 3ರಂದು ತೆರೆಕಂಡ, ಆರ್. ನಾಗೇಂದ್ರರಾಯರು ರಾವಣನಾಗಿದ್ದ ‘ಸತಿ ಸುಲೋಚನಾ’. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮಾಸ್ತರರೊಬ್ಬರು ಎದ್ದು ನಿಂತು, ಮೊದಲು ತಯಾರಾದದ್ದು ‘ಭಕ್ತ ಧ್ರುವ’, ಮೊದಲು ಬಿಡುಗಡೆಯಾದದ್ದು ಮಾತ್ರ ‘ಸತಿ ಸುಲೋಚನಾ’, ಇವೆರಡನ್ನೂ ಒಂದೇ ಎಂದು ಕೇಳುವುದು ಸರಿಯಲ್ಲವೆಂದು ವಿವರಿಸಿದರು. ಅವರ ಮಾತು ಸರಿಯಾಗಿತ್ತು. ಇಪ್ಪತ್ತು ನಿಮಿಷ ವಾದ ನಡೆದು, ಕೊನೆಗೆ ಎರಡು ತಂಡಗಳಿಗೂ ಮೊದಲ ಬಹುಮಾನವನ್ನು ಕೊಡಬೇಕಾಯಿತು. ಮೂರು ಸಾವಿರ ಹೆಚ್ಚುವರಿ.

ಅಂದಿನಿಂದ ‘ಮೊದಲ’ ಎಂಬ ಪದವನ್ನು ನನ್ನ ಪ್ರಶ್ನೆಗಳಿಂದ ಬಹಿಷ್ಕರಿಸಿದ್ದೇನೆ. ಕನ್ನಡದಲ್ಲಿ ಮೊದಲು ಈಜುಡುಗೆ ತೊಟ್ಟ ನಾಯಕಿ ಯಾರೆಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ನಾನು 1965ರ ಯಾವ ಚಿತ್ರದಲ್ಲಿ ಜಯಂತಿಯವರ ಈಜುಡುಗೆ ಮಾತಿಗೆ ಕಾರಣವಾಯಿತು ಎಂದು ಕೇಳುತ್ತೇನೆ. ಎರಡೂ ಪ್ರಶ್ನೆಗಳು ತಲುಪುವುದು ‘ಮಿಸ್ ಲೀಲಾವತಿ’ಯ ಜಯಂತಿಯವರನ್ನೇ, ಆದರೆ ಎರಡನೆಯ ಬಗೆಯಲ್ಲಿ ಕೇಳಿದರೆ ಸಭೆಯಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ.

ಇನ್ನೊಂದು ತೊಡಕು ಅಂಕಗಳದ್ದು. ವಸ್ತುವನ್ನು ನೋಡಿಯೇ ಉತ್ತರಿಸಿದರೆ 30, ರಂಗಭೂಮಿಯ ಸುಳಿವಿನ ನಂತರ 20, ಸಿನಿಮಾದ ಸುಳಿವಿನ ನಂತರ 10 ಎಂದು ಇಟ್ಟಿದ್ದೆ. ಸಿನಿಮಾದ ಸುಳಿವು ಕೊನೆಗೆ ಬಂದೇ ಬರುತ್ತದೆಂದು ತಿಳಿದ ತಂಡಗಳು ಕೈಕಟ್ಟಿ ಕುಳಿತವು, ಹತ್ತು ಅಂಕಗಳೇ ಸಾಕೆಂಬ ನೆಮ್ಮದಿ ಅವರದು. ಸುಳಿವುಗಳ ಕ್ರಮವನ್ನು ಪ್ರಶ್ನೆಯಿಂದ ಪ್ರಶ್ನೆಗೆ ಬದಲಿಸಿ, ತಪ್ಪು ಉತ್ತರಕ್ಕೆ ಐದು ಅಂಕ ಕಳೆದು, ಬಝರ್ ಒತ್ತಿದವರಿಗೆ ಮಾತ್ರ ಅವಕಾಶವೆಂದು ಮಾಡಿದ ಮೇಲೆ ಆಟಕ್ಕೆ ಜೀವ ಬಂತು. ಬಝರುಗಳನ್ನು ಕೊಳ್ಳಲಿಲ್ಲ, ಓಣಿಯ ಎಲೆಕ್ಟ್ರಿಷಿಯನ್ ಒಬ್ಬರು ಕಾಲಿಂಗ್ ಬೆಲ್ಲಿನ ಗುಂಡಿ ಮತ್ತು ಬಣ್ಣದ ಬಲ್ಬುಗಳಿಂದ ನಾಲ್ಕನ್ನು ಸುಮಾರು 1,800 ರೂಪಾಯಿಗೆ ಕಟ್ಟಿಕೊಟ್ಟರು. ಮೊದಲು ಒತ್ತಿದವರ ಬಲ್ಬು ಮಾತ್ರ ಹೊತ್ತಿ ಉಳಿದವು ಹೊತ್ತದಂತೆ ಮಾಡಿದ ಉಪಾಯ ಅವರದೇ.

ಮೂರನೆಯ ವರ್ಷ ಇಡೀ ಸಂಜೆಯನ್ನು ಎತ್ತಿ ನಿಲ್ಲಿಸಿದ್ದು ಒಂದು ಜೊತೆ ಚಪ್ಪಲಿ. ಅಥಣಿಯಲ್ಲಿ ಹೊಲಿದ, ನಡೆದರೆ ಕಿರ್ರೆನ್ನುವ ಕೊಲ್ಹಾಪುರಿ ಚಪ್ಪಲಿಯನ್ನು ಮೇಜಿನ ಮೇಲಿಟ್ಟು, ಇದರ ಹೆಸರಿನಲ್ಲಿರುವ ಊರಿಗೂ ಕನ್ನಡ ಚಿತ್ರರಂಗದ ಹುಟ್ಟಿಗೂ ಏನು ಸಂಬಂಧವೆಂದು ಕೇಳಿದೆ. ‘ಸತಿ ಸುಲೋಚನಾ’ದ ಚಿತ್ರೀಕರಣ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ನಡೆದಿತ್ತು, ಅದರ ಮುಖ್ಯ ನಟರಾದ ನಾಗೇಂದ್ರರಾಯರೂ ಎಂ.ವಿ. ಸುಬ್ಬಯ್ಯ ನಾಯ್ಡುಗಳೂ ಕಂಪನಿ ನಾಟಕಗಳಲ್ಲಿ ಪಳಗಿ ಅಲ್ಲಿಗೆ ಹೋದವರು. ಅದೇ ಊರಿನಲ್ಲಿ 1929ರಲ್ಲಿ ಹುಟ್ಟಿದ ಭಾನು ಅಥೈಯಾ ಅವರು ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ ಜಾನ್ ಮೊಲ್ಲೊ ಅವರೊಡನೆ ಆಸ್ಕರ್ ಪ್ರಶಸ್ತಿ ಪಡೆದು, ತಮ್ಮ ನಂತರ ಅದು ಸುರಕ್ಷಿತವಾಗಿರಲೆಂದು 2012ರಲ್ಲಿ ಅಕಾಡೆಮಿಗೇ ಹಿಂದಿರುಗಿಸಿದರು. ಚಪ್ಪಲಿಗೆ ಆ ಹೆಸರನ್ನು ಬಳಸುವ ಹಕ್ಕು ಕೊಡುವ ಭೌಗೋಳಿಕ ಸೂಚಕವಂತೂ ಮಹಾರಾಷ್ಟ್ರದ ನಾಲ್ಕು ಮತ್ತು ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು, ನಮ್ಮ ಧಾರವಾಡವೂ ಆ ಪಟ್ಟಿಯಲ್ಲಿದೆ. ಒಂದೇ ವಸ್ತುವಿನಿಂದ ಇಷ್ಟು ದಾರಿಗಳು ಹೊರಟದ್ದನ್ನು ಕಂಡು, ಹಿಂದಿನ ವರ್ಷ ವಾದ ಮಾಡಿದ್ದ ಮಾಸ್ತರರೇ ಮೊದಲು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ನಾನು ಹಿಂದಿನ ಮೂರು ಸಾವಿರವನ್ನು ಮರೆತೆ.

ಅದೇ ಸಂಜೆ ಇನ್ನೊಂದು ಮೇಜಿನ ಮೇಲೆ ಹುರಿ ಮಾಡಿದ ಕಟ್ಟು ಮೀಸೆಯನ್ನೂ ಒಂಬತ್ತು ಗಜದ ಸೀರೆಯನ್ನೂ ಅಕ್ಕಪಕ್ಕ ಇಟ್ಟು, ಇವನ್ನು ತೊಟ್ಟು ಹೆಸರಾದವರಲ್ಲಿ ಒಬ್ಬರಿಗೆ ಪದ್ಮಶ್ರೀ, ಇನ್ನೊಬ್ಬರಿಗೆ ಪದ್ಮಭೂಷಣ ಬಂದಿದೆ ಎಂದೆ. ಮೀಸೆಗೆ ಗಂಡಸರ ಹೆಸರುಗಳೂ ಸೀರೆಗೆ ನಟಿಯರ ಹೆಸರುಗಳೂ ಸರಮಾಲೆಯಾಗಿ ಬಂದವು, ಬಂದಷ್ಟೂ ಅಂಕಗಳು ಕಳೆದವು. ಮೀಸೆ ಆರ್. ನಾಗರತ್ನಮ್ಮನವರದು: 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ರಾವಣ, ಕಂಸ, ದುರ್ಯೋಧನರ ಪಾತ್ರಗಳನ್ನು ತಾವೇ ಮಾಡಿದ ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಸೀರೆ ಮರಾಠಿ ರಂಗಭೂಮಿಯ ಬಾಲಗಂಧರ್ವರದು. ಅವರ ಸ್ತ್ರೀಪಾತ್ರಗಳ ಉಡುಗೆಯನ್ನು ಕಂಡು ಮನೆಯ ಹೆಣ್ಣುಮಕ್ಕಳು ಸೀರೆ ಉಡುವ ರೀತಿಯನ್ನೇ ಬದಲಿಸಿಕೊಂಡರೆಂಬುದು ಪ್ರಸಿದ್ಧವಾದ ಮಾತು. ನನ್ನ ಈವರೆಗಿನ ಪ್ರಶ್ನೆಗಳಲ್ಲಿ ಇದಕ್ಕಿಂತ ಚೆನ್ನಾಗಿ ಹೆಣೆದದ್ದು ಇನ್ನೊಂದಿಲ್ಲವೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸದ ಪ್ರಶ್ನೆಯನ್ನು ಮಾತ್ರ ಎರಡು ಸಲ ಹಾಳು ಮಾಡಿದೆ. ಚಿತ್ರದ ಹೆಸರು ಹೇಳಿದೊಡನೆ ಎಲ್ಲರೂ ಅದರ ನಾಯಕಿ ಜಯಮಾಲಾ ಹೆಸರು ಹೇಳುತ್ತಿದ್ದರು. ಮೂರನೆಯ ಸಲ ಒಂದು ಖಾದಿ ಟೋಪಿಯನ್ನಿಟ್ಟು, ರಂಗದ ಮೇಲೆ ನಟಿಯಾಗಿ, ಕಿರುತೆರೆಯಲ್ಲಿ ನಿರ್ದೇಶಕಿಯಾಗಿ ಹೆಸರು ಮಾಡಿ, ವಸ್ತ್ರವಿನ್ಯಾಸಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದವರು ಯಾರೆಂದು ಆರಂಭಿಸಿದಾಗ, ವೈಶಾಲಿ ಕಾಸರವಳ್ಳಿ ಎಂಬ ಉತ್ತರ ಒಂದೇ ತಂಡದಿಂದ, ಅದೂ ಕೊನೆಯ ಕ್ಷಣದಲ್ಲಿ ಬಂತು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಸ್ಪರ್ಧಿಯ ಕಣ್ಣಿಗೆ ಬಟ್ಟೆ ಕಟ್ಟಿ, ಸೀರೆಯನ್ನು ಮುಟ್ಟಿ ನೋಡಿ ಹೆಸರು ಹೇಳಿಸುವುದು ಅವುಗಳಲ್ಲೊಂದು. ಇಳಕಲ್ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ಜಾಗ ಬೆರಳಿಗೆ ತಿಳಿಯುತ್ತದೆ. ಹುನಗುಂದದ ಕಡೆಯ ಹುಡುಗಿಯೊಬ್ಬಳು ಎರಡು ಕ್ಷಣಗಳಲ್ಲಿ ಹೇಳಿಬಿಟ್ಟಳು. ಮುಂದಿನ ಕಾರ್ಯಕ್ರಮದಲ್ಲಿ ನಾನು ಅವಸರದಿಂದ ಕೊಂಡು ತಂದದ್ದು ಕೈಮಗ್ಗದ್ದಾಗಿರದೆ ಪವರ್‌ಲೂಮಿನ ನಕಲಾಗಿತ್ತು, ಅದರಲ್ಲಿ ಕೊಂಡಿಯೇ ಇರಲಿಲ್ಲ. ಅದನ್ನು ಸಭಿಕರಲ್ಲಿದ್ದ ಅಜ್ಜಿಯೊಬ್ಬರು ದೂರದಿಂದಲೇ ಗುರುತಿಸಿದ್ದು ನನಗಾದ ಅವಮಾನಗಳಲ್ಲಿ ಎರಡನೆಯದು. ಕೊಡವ ಸೀರೆಯ ಹಿಂದಿನ ನೆರಿಗೆಯಿಂದ ಕೊಡವ ಸೈನಿಕನ ಕಥೆಯಾದ 1990ರ ‘ಮುತ್ತಿನ ಹಾರ’ ಚಿತ್ರಕ್ಕೆ ಕರೆದೊಯ್ಯುವ ಪ್ರಶ್ನೆ ಚೆನ್ನಾಗಿ ನಡೆಯಿತು, ಆದರೆ ಆ ನೆರಿಗೆಯನ್ನು ಗೊಂಬೆಗೆ ಉಡಿಸಲು ನನಗೆ ಒಂದು ಗಂಟೆ ಹಿಡಿಯಿತು. ‘ಕಾಂತಾರ’ ಬಂದ ಮೇಲೆ ದೈವದ ಕೋಲದಲ್ಲಿ ಕಾಲಿಗೆ ಕಟ್ಟುವ ಗಗ್ಗರದ ನಾದವನ್ನು ಕೇಳಿಸುವ ಯೋಚನೆಯಿತ್ತು. ದೈವದ ಸೇವೆಗೆ ಸಲ್ಲುವ, ಬೆನ್ನಿಗೆ ಕಟ್ಟುವ ಅಣಿಯನ್ನೂ ಗಗ್ಗರವನ್ನೂ ಆಟದ ಮೇಜಿಗೆ ತರಬಾರದೆಂದು ಮಂಗಳೂರಿನ ಗೆಳೆಯರು ಹೇಳಿದ್ದರಿಂದ ಕೈಬಿಟ್ಟೆ, ಬಿಟ್ಟದ್ದೇ ಸರಿ.

ಪ್ರಶ್ನೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಲು ನಾನು ರಸಪ್ರಶ್ನೆಯ ಗೆಳೆಯರನ್ನು ಕೇಳುವುದಿಲ್ಲ. ನಮ್ಮ ದರ್ಜಿಯವರನ್ನೂ ನನ್ನ ಅತ್ತೆಯವರನ್ನೂ ಕೇಳುತ್ತೇನೆ. ಅವರಿಬ್ಬರಿಗೂ ತಿಳಿದಿದ್ದರೆ ಪ್ರಶ್ನೆ ಸುಲಭ, ಇಬ್ಬರಿಗೂ ಬೇಸರವಾದರೆ ಪ್ರಶ್ನೆ ಕೆಟ್ಟದ್ದು. ಮೊದಲ ವಸ್ತು ಯಾವುದಿರಬೇಕು, ತಂಡಗಳನ್ನು ದಾರಿ ತಪ್ಪಿಸುವ ವಸ್ತುವನ್ನು ಎಷ್ಟನೆಯ ಪ್ರಶ್ನೆಗೆ ಇಡಬೇಕು ಎಂಬ ಲೆಕ್ಕ ನನ್ನಲ್ಲಿದೆ. ಅದನ್ನು ಇಲ್ಲಿ ಬರೆದುಬಿಟ್ಟರೆ ಮುಂದಿನ ನವೆಂಬರಿನಲ್ಲಿ ನನಗೆ ಕೆಲಸವಿರುವುದಿಲ್ಲ.

ಮೂರನೆಯ ವರ್ಷ ಸುಮಾರು 160 ಪ್ರವೇಶಪತ್ರಗಳು ಹೋದವು; ಸಭಾಂಗಣದ ಪಕ್ಕದ ಬಟ್ಟೆ ಅಂಗಡಿಯವರು ಬಹುಮಾನದ ಭಾರ ಹೊತ್ತರು; ಎಲ್ಲ ಖರ್ಚು ಕಳೆದು ಕೈಯಲ್ಲಿ ಆರು ಸಾವಿರದಷ್ಟು ಉಳಿಯಿತು. ಹಿಂದೆ ಬಾಡಿಗೆ ಕೊಡುವುದಿಲ್ಲವೆಂದಿದ್ದ ಸಂಘದವರು ಈ ವರ್ಷ ಮನೆಗೆ ಬಂದು, ಬಝರುಗಳನ್ನೂ ಪ್ರಶ್ನೆಗಳ ಹಾಳೆಯನ್ನೂ ಎರಡು ದಿನಗಳ ಮಟ್ಟಿಗೆ ಕೊಡಬೇಕೆಂದು ಕೇಳಿದರು. ಬಝರುಗಳನ್ನು ದಿನಕ್ಕೆ 300 ರೂಪಾಯಿ ಬಾಡಿಗೆಗೆ ಕೊಟ್ಟೆ. ಹಾಳೆ ನನ್ನ ಪೆಟ್ಟಿಗೆಯಲ್ಲಿಯೇ ಇದೆ.