ಮಾನಿಟರ್ ಕೆಂಪಾಗದಂತೆ: ಸೈನಸ್ ಎಂಡೋಸ್ಕೋಪಿಕ್ ಸರ್ಜರಿಯಲ್ಲಿ ರಕ್ತಸ್ರಾವ ತಗ್ಗಿಸುವ ಬಗೆ

ಸೈನಸ್ (ಮೂಗಿನ ಸುತ್ತಲ ಎಲುಬಿನೊಳಗಿನ ಪೊಳ್ಳು) ಸರ್ಜರಿಯಲ್ಲಿ ಹೋಗುವ ರಕ್ತದ ಪ್ರಮಾಣದಿಂದ ರೋಗಿಗೆ ತೊಂದರೆಯಾಗುವುದು ಅಪರೂಪ. ಆ ರಕ್ತ ಏನನ್ನು ಮುಚ್ಚಿಬಿಡುತ್ತದೆ ಎಂಬುದರಲ್ಲಿ ಅಪಾಯ ಇದೆ. ಮೂಗಿನೊಳಗೆ ನೋಡುವ 4 ಮಿ.ಮೀ. ಕೊಳವೆ, ಎಂಡೋಸ್ಕೋಪಿನ ತುದಿಗೆ ಒಂದು ಹನಿ ತಾಗಿದರೆ ಸಾಕು, ಮಾನಿಟರ್ ಪೂರ್ತಿ ಕೆಂಪು. ಪಕ್ಕದಲ್ಲಿ ಕಾಗದದಷ್ಟು ತೆಳುವಾದ ಎಲುಬಿನಾಚೆ ಕಣ್ಣು. ಮೇಲೆ ಮೆದುಳು, ಅದರ ಕೆಳಗಿನ ಕ್ರಿಬ್ರಿಫಾರ್ಮ್ ಎಂಬ ಎಲುಬಿನ ತಟ್ಟೆಯ ಪಕ್ಕದ ಗೋಡೆ ಕೆಲವೆಡೆ 0.2 ಮಿ.ಮೀ.ಗಿಂತಲೂ ತೆಳು, ಹಿಂದೆ ಸ್ಫೀನಾಯ್ಡ್ (ಎಲ್ಲಕ್ಕಿಂತ ಹಿಂದಿನ ಸೈನಸ್) ಗೋಡೆಯಲ್ಲಿ ಮೆದುಳಿಗೆ ಹೋಗುವ ಕ್ಯಾರೋಟಿಡ್ ಅಪಧಮನಿ ಮತ್ತು ದೃಷ್ಟಿ ನರ. ಹಾಗಾಗಿ ರಕ್ತ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮೊದಲ ಕತ್ತರಿ ಹಾಕುವ ಮುಂಚೆಯೇ ಮುಗಿದಿರಬೇಕು.

ಒಪಿಡಿಯಲ್ಲಿ ಕೇಳಬೇಕಾದದ್ದು

ಕಾಸರಗೋಡಿನಲ್ಲಿ ಮಾತ್ರೆಗಳ ಲೆಕ್ಕ ಹಿಡಿಯುವುದೇ ಒಂದು ಕೆಲಸ. ಮಂಜೇಶ್ವರದವರ ಹೃದಯದ ಚೀಟಿ ಮಂಗಳೂರಿನದ್ದು, ಸಕ್ಕರೆ ಕಾಯಿಲೆಯ ಮಾತ್ರೆ ಉಪ್ಪಳದ ಕ್ಲಿನಿಕ್ಕಿನದ್ದು, ಜತೆಗೆ ಗಲ್ಫಿನಿಂದ ಮಗ ತಂದುಕೊಟ್ಟ, ಇಲ್ಲಿ ಯಾರೂ ಕೇಳದ ಬ್ರಾಂಡಿನ ಡಬ್ಬಿ. "ಬ್ಲಡ್ ಥಿನ್ನರ್ ಇದೆಯಾ?" ಎಂದರೆ ಹಲವರು ಇಲ್ಲ ಎನ್ನುತ್ತಾರೆ. "ಅಮ್ಮಾ, ರಾತ್ರಿ ಊಟ ಆದ ಮೇಲೆ ಹೃದಯಕ್ಕೆ ಅಂತ ಒಂದು ಸಣ್ಣ ಮಾತ್ರೆ ತೆಗೊಳ್ತೀರಾ? ಗಂಟು ನೋವಿಗೆ ಏನು ನುಂಗ್ತೀರಿ?" ಎಂದು ಕೇಳಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತರಲು ಹೇಳಿ, ಹಾಳೆಯ ಹಿಂದಿನ ಔಷಧದ ಹೆಸರು ಓದಿ. ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ವಿಟಮಿನ್ ಇ, ಗಿಂಕ್ಗೊ ಇವನ್ನು ಯಾರೂ ಔಷಧವೆಂದು ಎಣಿಸುವುದಿಲ್ಲ. ಹೆಸರು ಹಿಡಿದೇ ಕೇಳಬೇಕು.

ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ಆಸ್ಪಿರಿನ್ ಸಾಮಾನ್ಯವಾಗಿ 7 ದಿನ ಮೊದಲು, ಕ್ಲೋಪಿಡೋಗ್ರೆಲ್ ಮತ್ತು ವಾರ್ಫರಿನ್ 5 ದಿನ ಮೊದಲು ನಿಲ್ಲಿಸಲಾಗುತ್ತದೆ. ವಾರ್ಫರಿನ್ ಇದ್ದವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) 1.5ರ ಕೆಳಗೆ ಬಂದಿದೆಯೇ ಎಂದು ಪರೀಕ್ಷಿಸಿ. ಆದರೆ ಸ್ಟೆಂಟ್ ಇದ್ದವರ, ಪಾರ್ಶ್ವವಾಯು ಆದವರ ಮಾತ್ರೆಯನ್ನು ಅವರ ಹೃದಯ ಅಥವಾ ನರರೋಗ ವೈದ್ಯರು ಒಪ್ಪದೆ ಮುಟ್ಟಬೇಡಿ. ಸ್ಟೆಂಟ್ ಹೊಸದಾದರೆ ಸರ್ಜರಿಯೇ ಕಾಯಲಿ. ಸೈನಸ್ ಕಾಯಬಲ್ಲದು, ಹೃದಯ ಕಾಯುವುದಿಲ್ಲ. ಬೀಟಾ ಬ್ಲಾಕರ್ (ನಾಡಿಯನ್ನೂ ಬಿಪಿಯನ್ನೂ ತಗ್ಗಿಸುವ ಮಾತ್ರೆ) ಮಾತ್ರ ಎಂದಿನಂತೆ ಸರ್ಜರಿಯ ಬೆಳಿಗ್ಗೆಯೂ ಕೊಡಿ.

ದೊಡ್ಡ ಪಾಲಿಪ್ (ಮೂಗಿನೊಳಗಿನ ಮೆದು ಗಡ್ಡೆ) ಇದ್ದರೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 30 ಮಿ.ಗ್ರಾಂನಂತೆ 5ರಿಂದ 7 ದಿನ ಕೊಟ್ಟಾಗ ಊತ ಇಳಿದು, ರಕ್ತ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಆ ವಾರ ಸಕ್ಕರೆ ಏರುವುದು ಖಂಡಿತ, ಮೊದಲೇ ಸಕ್ಕರೆ ಕಾಯಿಲೆಯ ಔಷಧದ ಡೋಸ್ ಸರಿಪಡಿಸಿ. ಮ್ಯೂಕೋರ್ ಮೈಕೋಸಿಸ್ (ಕಪ್ಪು ಶಿಲೀಂಧ್ರ ಸೋಂಕು) ಸಂಶಯ ಇದ್ದಲ್ಲಿ ಸ್ಟೀರಾಯ್ಡ್ ಕೊಡಲೇಬೇಡಿ. ಕೀವು ತುಂಬಿದ ಹಸಿ ಸೋಂಕಿನಲ್ಲಿ ತುರ್ತಿಲ್ಲದೆ ಸರ್ಜರಿಗೆ ಇಳಿಯುವುದೂ ರಕ್ತವನ್ನು ಕರೆದು ತಂದ ಹಾಗೆ.

ಟೇಬಲ್ ಮತ್ತು ಅರಿವಳಿಕೆ

ತಲೆಯ ಭಾಗ 15ರಿಂದ 20 ಡಿಗ್ರಿ ಮೇಲೆ. ಕುತ್ತಿಗೆ ತಿರುಚಿರಬಾರದು, ಉಸಿರಿನ ಟ್ಯೂಬ್ ಕಟ್ಟಿದ ಟೇಪು ಕೊರಳನ್ನು ಬಿಗಿದರೆ ಅಭಿಧಮನಿಯ ರಕ್ತ ಮೂಗಿನಲ್ಲೇ ನಿಲ್ಲುತ್ತದೆ. ಖರ್ಚಿಲ್ಲದ ಉಪಾಯ ಇದು. ಆದರೂ ಟೇಬಲ್ ಸಪಾಟಾಗಿರುವುದು ಎಷ್ಟೋ ಸಲ ರಕ್ತ ಶುರುವಾದ ಮೇಲೆಯೇ ಗಮನಕ್ಕೆ ಬರುತ್ತದೆ.

ಅರಿವಳಿಕೆಯ ವೈದ್ಯರ ಜತೆ ಮೊದಲೇ ಮಾತಾಡಿ ಎರಡು ಅಂಕಿ ಒಪ್ಪಿಕೊಳ್ಳಿ: ನಾಡಿ 60ರ ಆಸುಪಾಸು, ಸರಾಸರಿ ಬಿಪಿ 60ರಿಂದ 70. ಇವೆರಡರಲ್ಲಿ ನಾಡಿಯನ್ನು ಹೆಚ್ಚು ನಂಬಿ. ನೈಟ್ರೋಪ್ರಸೈಡ್‌ನಂಥ ಔಷಧದಿಂದ ಬಿಪಿ ಇಳಿಸಿದರೆ ರಕ್ತನಾಳ ಹಿಗ್ಗುತ್ತದೆ, ನಾಡಿ ಓಡುತ್ತದೆ. ಅಂಕಿ ಚೆನ್ನಾಗಿರುತ್ತದೆ, ಮೂಗಿನಲ್ಲಿ ಮಾತ್ರ ಒಸರು ನಿಲ್ಲುವುದಿಲ್ಲ. ಹೆಚ್ಚು ಐಸೋಫ್ಲುರೇನ್ (ಉಸಿರಿನಲ್ಲಿ ಕೊಡುವ ಅರಿವಳಿಕೆ) ಕೊಟ್ಟು ಬಿಪಿ ಇಳಿಸಿದಾಗಲೂ ಇದೇ ಕತೆ. ಅದರ ಬದಲು ರಕ್ತನಾಳದಲ್ಲಿ ಕೊಡುವ ಪ್ರೊಪೋಫಾಲ್ ಇನ್ಫ್ಯೂಷನ್ ಜತೆಗೆ ರೆಮಿಫೆಂಟಾನಿಲ್ ಇದ್ದರೆ ಉತ್ತಮ. ಸಿಗದ ಕಡೆ ಫೆಂಟಾನಿಲ್ ಜತೆ ಡೆಕ್ಸ್‌ಮೆಡಿಟೊಮಿಡಿನ್ ಕೆಲಸ ಮಾಡುತ್ತದೆ: ಕಿಲೋಗೆ 1 ಮೈಕ್ರೋಗ್ರಾಂ 10 ನಿಮಿಷದಲ್ಲಿ, ಆಮೇಲೆ ಗಂಟೆಗೆ ಕಿಲೋಗೆ 0.2ರಿಂದ 0.7 ಮೈಕ್ರೋಗ್ರಾಂ.

ತೋಳಿನ ಪಟ್ಟಿ ತೋರಿಸುವ ಬಿಪಿ ಮೆದುಳಿನದ್ದಲ್ಲ. ಹೃದಯಕ್ಕಿಂತ ಮೇಲೆ ಹೋದ ಪ್ರತಿ ಸೆಂಟಿಮೀಟರಿಗೆ ಸುಮಾರು 0.77 ಮಿ.ಮೀ. (ಪಾದರಸ) ಒತ್ತಡ ಇಳಿಯುತ್ತದೆ. ತಲೆ 13 ಸೆಂ.ಮೀ. ಎತ್ತರದಲ್ಲಿದ್ದರೆ ತೋಳಿನ 65 ಮೆದುಳಿನ ಮಟ್ಟದಲ್ಲಿ 55 ಮಾತ್ರ. ಹಳೆಯ ಬಿಪಿ ರೋಗಿಗಳಲ್ಲಿ, ವಯಸ್ಸಾದವರಲ್ಲಿ 60ರ ಹಟ ಬೇಡ. ಅವರ ಎಂದಿನ ಮಟ್ಟದಿಂದ ಶೇ. 20ರಷ್ಟು ಇಳಿದರೆ ಸಾಕು.

ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ ಕಿಲೋಗೆ 10ರಿಂದ 15 ಮಿ.ಗ್ರಾಂ, 1 ಗ್ರಾಂ ಮೀರದಂತೆ, 10 ನಿಮಿಷದಲ್ಲಿ ನಿಧಾನ. ರಕ್ತ ಹೆಪ್ಪುಗಟ್ಟಿದ ಚರಿತ್ರೆ, ಫಿಟ್ಸ್ ಇದ್ದವರಿಗೆ ಬೇಡ. ಕಿಡ್ನಿ ಸೋತಿದ್ದರೆ ಡೋಸ್ ಇಳಿಸಿ.

ಅಡ್ರಿನಲಿನ್

ಅಡ್ರಿನಲಿನ್ ರಕ್ತನಾಳ ಬಿಗಿಸುವ ಔಷಧ. ಹೆಚ್ಚಿನ ಲಾಭವೂ ದೊಡ್ಡ ತಪ್ಪೂ ಎರಡೂ ಆಗುವ ಜಾಗ ಇದು. ಪ್ಯಾಟಿಗೆ (ಮೂಗಿನೊಳಗೆ ಇಡುವ ಹತ್ತಿಯ ಪಟ್ಟಿ) ಬಳಸುವುದು 1:1000, ಅಂದರೆ ಮಿ.ಲೀ.ಗೆ 1 ಮಿ.ಗ್ರಾಂ. ಚುಚ್ಚುವುದು 1:1,00,000 ಅಥವಾ 1:2,00,000. ಮೊದಲನೆಯದು ಸಿರಿಂಜಿಗೆ ಹೋದರೆ ನೂರರಿಂದ ಇನ್ನೂರು ಪಟ್ಟು ಡೋಸ್, ಹೃದಯ ನಿಲ್ಲಬಹುದು. ಎರಡೂ ನೀರಿನ ಹಾಗೇ ಕಾಣುತ್ತವೆ. ಆದ್ದರಿಂದ ಪ್ಯಾಟಿಯ ದ್ರವವನ್ನು ತೆರೆದ ಬಟ್ಟಲಲ್ಲೇ ಇಡಿ, ಅದಕ್ಕೆ ಫ್ಲೋರೆಸಿನ್ ಬಣ್ಣ ಹಾಕಿ, ಸಿರಿಂಜಿನಲ್ಲಿ ತುಂಬಿಡಬೇಡಿ. ಚುಚ್ಚುವ ದ್ರವವನ್ನು ಸಿಸ್ಟರ್ ಗಟ್ಟಿಯಾಗಿ ಓದಿ ಹೇಳಿ ಕೈಗೆ ಕೊಡಲಿ, ಚೀಟಿ ಅಂಟಿಸಿದ ಸಿರಿಂಜ್ ಮಾತ್ರ ಮುಟ್ಟಿ.

ನಮ್ಮಲ್ಲಿ ಸಿಗುವ ಶೇ. 2 ಲಿಗ್ನೊಕೇನ್ (ಮರಗಟ್ಟಿಸುವ ಔಷಧ) ಅಡ್ರಿನಲಿನ್ ಬಾಟಲಿ ಸಾಮಾನ್ಯವಾಗಿ 1:2,00,000. ಅದನ್ನು ಹಾಗೇ ಬಳಸಬಹುದು. 1:1,00,000 ಬೇಕಿದ್ದರೆ ಆ ದ್ರವದ 20 ಮಿ.ಲೀ.ಗೆ 1:1000ದ 0.1 ಮಿ.ಲೀ. ಸೇರಿಸಬೇಕು. ಈ 0.1ನ್ನು ಇನ್ಸುಲಿನ್ ಸಿರಿಂಜಿನಲ್ಲಿ ಅಳೆಯುವಾಗ ಗೆರೆ ನೋಡಿ: 100ರ (ಮಿ.ಲೀ.ಗೆ 100 ಯೂನಿಟ್ ಗೆರೆಯ) ಸಿರಿಂಜಿನಲ್ಲಿ ಅದು 10 ಯೂನಿಟ್, 40ರ ಸಿರಿಂಜಿನಲ್ಲಿ 4 ಯೂನಿಟ್. ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಟ್ಯೂಬರ್ಕ್ಯುಲಿನ್ ಸಿರಿಂಜ್ ಇದ್ದರೆ ಈ ಗೊಂದಲವೇ ಇಲ್ಲ.

ಕ್ರಮ ಹೀಗೆ. ಪ್ಯಾಟಿಯನ್ನು ಅದ್ದಿ, ಹಿಂಡಿ, ನಡುವಿನ ಟರ್ಬಿನೇಟಿನ (ಮೂಗಿನ ಪಕ್ಕದ ಗೋಡೆಯಿಂದ ಚಾಚಿದ ಎಲುಬಿನ ಮಡಿಕೆ) ಕೆಳಗೆ, ಟರ್ಬಿನೇಟ್ ಮತ್ತು ಸೆಪ್ಟಮ್ (ಮೂಗಿನ ನಡುಗೋಡೆ) ನಡುವೆ, ಸ್ಫೀನಾಯ್ಡ್ ಮುಂದಿನ ಸಂದಿಯಲ್ಲಿ ಇಡಿ. ತೊಟ್ಟಿಕ್ಕುವ ಪ್ಯಾಟಿಯಿಂದ ಅಡ್ರಿನಲಿನ್ ಗಂಟಲಿಗೆ ಇಳಿಯುವುದೇ ಹೊರತು ಕೆಲಸ ಮಾಡುವುದಿಲ್ಲ. ಎಷ್ಟು ಇಟ್ಟಿರಿ ಎಂದು ಬೋರ್ಡಿನಲ್ಲಿ ಬರೆಯಿರಿ. 10 ನಿಮಿಷ ಬಿಟ್ಟು ತೆಗೆದರೆ ಕೆಂಪಾಗಿದ್ದ ಒಳಪೊರೆ ಮಾಸಲು ಬಿಳಿಯಾಗಿ, ಕುಗ್ಗಿ, ಮೊದಲು ಕಾಣದ ಸಂದಿ ಕಾಣುತ್ತದೆ. ಆಮೇಲೆ ತೆಳು ಸೂಜಿಯಿಂದ ನಡುವಿನ ಟರ್ಬಿನೇಟ್ ಗೋಡೆಗೆ ಸೇರುವ ಕಡೆ, ಅನ್ಸಿನೇಟ್ ಎಂಬ ತೆಳು ಎಲುಬಿನ ಉದ್ದಕ್ಕೆ, ಟರ್ಬಿನೇಟಿನ ಹಿಂತುದಿಯಲ್ಲಿ ಸ್ಫೀನೋಪ್ಯಾಲಟೈನ್ ಅಪಧಮನಿಯ ಹತ್ತಿರ, ಪ್ರತಿ ಸಲ ಸಿರಿಂಜ್ ಹಿಂದಕ್ಕೆ ಎಳೆದು ರಕ್ತ ಬರುವುದಿಲ್ಲ ಎಂದು ನೋಡಿ, ಚುಚ್ಚಿ. ಒಂದು ಬದಿಗೆ 2ರಿಂದ 3 ಮಿ.ಲೀ. ಸಾಕು. ಮತ್ತೆ 8ರಿಂದ 10 ನಿಮಿಷ ಕಾಯಿರಿ. ಈ ಎರಡು ಕಾಯುವಿಕೆಯನ್ನು ಕಡಿತ ಮಾಡಿದವರು ಆಮೇಲೆ ಅದರ ಎರಡರಷ್ಟು ಹೊತ್ತು ಸಕ್ಷನ್ ಹಿಡಿಯುತ್ತಾರೆ.

ಮಕ್ಕಳಲ್ಲಿ, ಹೃದಯ ರೋಗಿಗಳಲ್ಲಿ 1:1000ದ ಬದಲು ಶೇ. 0.05 ಆಕ್ಸಿಮೆಟಜೋಲಿನ್ (ನಾಳ ಬಿಗಿಸುವ ಇನ್ನೊಂದು ಔಷಧ) ಮೇಲು, ಅದೂ ಅಳೆದು. ಪ್ಯಾಟಿ ಇಟ್ಟ ಮೇಲೆ ಬಿಪಿ ಹಠಾತ್ತನೆ ಏರಿದರೆ ಪ್ಯಾಟಿ ತೆಗೆದು, ಅರಿವಳಿಕೆ ಆಳ ಮಾಡಿ, ಕಾಯಿರಿ. ಹೆಚ್ಚಿನ ಸಲ ತಾನೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಬೀಟಾ ಬ್ಲಾಕರ್ ಕೊಟ್ಟರೆ ಬಿಗಿದ ನಾಳಗಳ ಎದುರು ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಬಹುದು.

ಕೈಯ ಕೆಲಸ

ಹರಿದ ಒಳಪೊರೆ ಕತ್ತರಿಸಿದ್ದಕ್ಕಿಂತ ಹೆಚ್ಚು ಒಸರುತ್ತದೆ. ಹಿಡಿದು ಎಳೆಯುವ ಫೋರ್ಸೆಪ್ಸ್ ಬಿಟ್ಟು ಕಚ್ಚಿ ಕತ್ತರಿಸುವುದನ್ನೇ ಬಳಸಿ. ಎಂಡೋಸ್ಕೋಪ್ ಮೇಲೆ, ಉಪಕರಣ ಅದರ ಕೆಳಗೆ. ಮೂಗಿನ ಬಾಗಿಲಲ್ಲಿ ತಗುಲುವ ರಕ್ತವೇ ಲೆನ್ಸ್ ಕೆಡಿಸುತ್ತದೆ, ಅಲ್ಲಿನ ಕೂದಲನ್ನು ಮೊದಲೇ ಕತ್ತರಿಸಿಡಿ. ಒಂದು ಬದಿ ಒಸರಲು ಶುರುವಾದರೆ ಪ್ಯಾಟಿ ತುಂಬಿ ಇನ್ನೊಂದು ಬದಿಗೆ ಹೋಗಿ. ಉದ್ದದ ಸರ್ಜರಿಯಲ್ಲಿ 40 ಡಿಗ್ರಿ ಮೀರಿದ ಬೆಚ್ಚಗಿನ ಸಲೈನ್ ತೊಳೆತ ಸಹಾಯಕ್ಕೆ ಬರುತ್ತದೆ. 50 ದಾಟಿದರೆ ಒಳಪೊರೆ ಸುಡಬಹುದು, ಥರ್ಮಾಮೀಟರ್ ಹಾಕಿ ನೋಡಿ.

ರಕ್ತ ಹೆಚ್ಚಾದಾಗ ಮೊದಲ ಪ್ರಶ್ನೆ: ಒಸರೋ, ಚಿಲುಮೆಯೋ? ಎಲ್ಲ ಕಡೆಯಿಂದ ಒಸರಿದರೆ ಟೇಬಲ್, ನಾಡಿ, ಅರಿವಳಿಕೆಯ ಆಳ, ಪ್ಯಾಟಿ ಇವನ್ನು ಮತ್ತೆ ನೋಡಿ. ಒಂದೇ ಬಿಂದುವಿನಿಂದ ನಾಡಿಯ ತಾಳಕ್ಕೆ ಚಿಮ್ಮಿದರೆ ಅದು ಅಪಧಮನಿ, ಪ್ಯಾಟಿಯಿಂದ ನಿಲ್ಲದು, ಸಕ್ಷನ್ ಬೈಪೋಲಾರ್ (ರಕ್ತ ಹೀರುತ್ತಲೇ ನಾಳವನ್ನು ಸುಟ್ಟು ಮುಚ್ಚುವ ಉಪಕರಣ) ಬೇಕು. ಟರ್ಬಿನೇಟಿನ ಹಿಂತುದಿಯಲ್ಲಾದರೆ ಸ್ಫೀನೋಪ್ಯಾಲಟೈನ್. ಸ್ಫೀನಾಯ್ಡ್ ರಂಧ್ರದ ಕೆಳಗಾದರೆ ಅದರ ಸೆಪ್ಟಮ್ ಕವಲು. ಮೇಲ್ಛಾವಣಿಯಲ್ಲಿ ಮುಂದಿನ ಎತ್ಮಾಯ್ಡ್ ಅಪಧಮನಿ ಜೋತುಬಿದ್ದಿದೆಯೇ ಎಂದು ಸಿಟಿ ಸ್ಕ್ಯಾನಿನಲ್ಲಿ ಮೊದಲೇ ಗುರುತು ಮಾಡಿ. ಅದು ತುಂಡಾಗಿ ಕಣ್ಣುಗೂಡಿಗೆ ಸರಿದರೆ ಮೂಗಿನಲ್ಲಿ ರಕ್ತ ನಿಂತ ಹಾಗೆ ಕಂಡು, ಕಣ್ಣು ಮುಂದೆ ಬಂದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದಕ್ಕಾಗಿಯೇ ಕಣ್ಣನ್ನು ಬಟ್ಟೆಯಿಂದ ಮುಚ್ಚಬಾರದು. ಕಣ್ಣು ಹೀಗೆ ಗಟ್ಟಿಯಾದರೆ ಮೂಗಿಗೆ ಪ್ಯಾಕ್ ಒತ್ತಬೇಡಿ, ಕೂಡಲೇ ಲ್ಯಾಟರಲ್ ಕ್ಯಾಂಥೊಟಮಿ (ಒತ್ತಡ ಇಳಿಸಲು ಕಣ್ಣಿನ ಹೊರಮೂಲೆ ಕತ್ತರಿಸುವುದು) ಮಾಡಿ. ದೃಷ್ಟಿ ಉಳಿಯಲು ನಿಮಿಷಗಳ ಲೆಕ್ಕ.

ರಕ್ತಸ್ರಾವ ಎಷ್ಟಿದೆ ಎಂದು ಅಂಕಿ ಕೊಡುವ ಬೋಜಾರ್ಟ್ ಅಳತೆಯಲ್ಲಿ 0ಯಿಂದ 5 ಇದೆ. 3ಕ್ಕೆ ಸಕ್ಷನ್ ತೆಗೆದ ಕೆಲವೇ ಸೆಕೆಂಡಿನಲ್ಲಿ ನೋಟ ಮಸುಕಾಗುತ್ತದೆ. 5ಕ್ಕೆ ಸಕ್ಷನ್ ಹೀರುವುದಕ್ಕಿಂತ ವೇಗದಲ್ಲಿ ರಕ್ತ ಬರುತ್ತದೆ. ಪ್ಯಾಕ್ ಮಾಡಿ 10 ನಿಮಿಷ ಕಾದೂ 4ರ ಕೆಳಗೆ ಬರದಿದ್ದರೆ ಅವತ್ತಿಗೆ ನಿಲ್ಲಿಸಿ, ಉಳಿದದ್ದು ಇನ್ನೊಂದು ದಿನ ಮಾಡಿ. ಇದರಲ್ಲಿ ನಾಚಿಕೆಯಿಲ್ಲ, ಈ ಮಾತನ್ನು ರೋಗಿಯ ಮನೆಯವರಿಗೆ ಸಹಿ ಪಡೆಯುವ ದಿನವೇ ಹೇಳಿಡಿ.

ಮುಗಿಸುವಾಗ

ಬಿಪಿಯನ್ನು ಎಂದಿನ ಮಟ್ಟಕ್ಕೆ ತರಲು ಹೇಳಿ, ಎರಡು ನಿಮಿಷ ನೋಡಿ, ಆಮೇಲೆ ಎಂಡೋಸ್ಕೋಪ್ ತೆಗೆಯಿರಿ. ಗಂಟಲ ಪ್ಯಾಕ್, ಪ್ಯಾಟಿ ಲೆಕ್ಕ ಸರಿಯಾಗಬೇಕು. ಕಿರುನಾಲಗೆಯ ಹಿಂದೆ ಕೂತ ಹೆಪ್ಪನ್ನು ಹೀರಿ ತೆಗೆಯದಿದ್ದರೆ ಟ್ಯೂಬ್ ತೆಗೆದ ಮೇಲೆ ಶ್ವಾಸನಾಳಕ್ಕೆ ಬೀಳಬಹುದು. ಏಳುವಾಗ ಕೆಮ್ಮು ಬಾರದಂತೆ ನೋಡಿಕೊಳ್ಳಿ.

ಪೆರ್ಲ, ಮುಳ್ಳೇರಿಯದ ಒಳಭಾಗದವರನ್ನು ಆ ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುವುದು ಒಳ್ಳೆಯದು. ಮಳೆಗಾಲದ ರಾತ್ರಿ ಗುಡ್ಡದ ದಾರಿಯಲ್ಲಿ ಮೂಗಿನ ರಕ್ತ ಹಿಡಿದುಕೊಂಡು ಬರುವುದು ಸುಲಭವಲ್ಲ. ಮನೆಗೆ ಕಳಿಸುವಾಗ ಕನ್ನಡದಲ್ಲೋ ಮಲೆಯಾಳದಲ್ಲೋ ಅವರು ಓದುವ ಲಿಪಿಯಲ್ಲಿ ಬರೆದುಕೊಡಿ: ಎರಡು ದಿಂಬು ಇಟ್ಟು ಮಲಗುವುದು, ಸಿಂಬಳವನ್ನು ಜೋರಾಗಿ ಊದಿ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದು, ರಕ್ತ ಬಂದರೆ ಮುಂದಕ್ಕೆ ಬಾಗಿ ಕೂತು ಉಗುಳುವುದು, 15 ನಿಮಿಷದಲ್ಲಿ ನಿಲ್ಲದಿದ್ದರೆ, ಕಣ್ಣು ಊದಿದರೆ, ಎರಡೆರಡು ಕಂಡರೆ ತಡಮಾಡದೆ ಬರುವುದು. ನಿಲ್ಲಿಸಿದ್ದ ಹೃದಯದ ಮಾತ್ರೆಯನ್ನು ಯಾವ ತಾರೀಕಿನಿಂದ ಮತ್ತೆ ಶುರು ಮಾಡಬೇಕು ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಿರಿ.