ಸಿನಿಮಾದವರು ನಮ್ಮ ಹಡಗಿಗೆ ಬಂದಾಗ

ಕೊಡಗಿನವನು, ಸೇವೆಯಲ್ಲಿದ್ದೆ ಅಂದರೆ ಸಾಕು, ಯಾವ ರೆಜಿಮೆಂಟ್ ಅಂತ ಕೇಳುತ್ತಾರೆ. ಕಾರ್ಯಪ್ಪ, ತಿಮ್ಮಯ್ಯನವರ ನಾಡು, ಕೇಳುವುದು ಸಹಜವೇ. ನಮ್ಮಪ್ಪನೂ ಭೂಸೇನೆಯವರು. ನಾನು ಮಾತ್ರ ಸೋಮವಾರಪೇಟೆ ಕಡೆಯ ಕಾಫಿ ತೋಟದಿಂದ ನೌಕಾಪಡೆಗೆ ಹೋದೆ.

1980ರ ದಶಕದಲ್ಲಿ ನೀಲಗಿರಿ ವರ್ಗದ ಒಂದು ಫ್ರಿಗೇಟಿನಲ್ಲಿದ್ದೆ. ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ, 113 ಮೀಟರ್ ಉದ್ದದ ಹಡಗು. ಬಂದರಿನಲ್ಲಿ ನಿಂತಿದ್ದಾಗ ಒಂದು ಹಿಂದಿ ಸಿನಿಮಾದ ಚಿತ್ರೀಕರಣಕ್ಕೆ ಅನುಮತಿ ಸಿಕ್ಕಿತು. ನಾಲ್ಕು ದಿನ ನಡೆಯಿತು.

ನನಗೆ ಸಿಕ್ಕ ಕೆಲಸ ಒಂದು ಬಾಗಿಲು ಕಾಯುವುದು. ಸಿನಿಮಾದವರ ಜನರೇಟರ್ ಜೆಟ್ಟಿಯ ಮೇಲೆ, ದೀಪಗಳು ಹಡಗಿನ ಒಳಗೆ, ನಡುವೆ ಹೆಬ್ಬೆರಳು ಗಾತ್ರದ ಕೇಬಲ್‌ಗಳು. ಯುದ್ಧನೌಕೆಯ ಒಳಬಾಗಿಲು ಮನೆಬಾಗಿಲಿನಂತಲ್ಲ. ಬೆಂಕಿ ಹತ್ತಿದರೆ, ನೀರು ನುಗ್ಗಿದರೆ, ಎಳೆದು ಮುಚ್ಚಿ ಸುತ್ತಲೂ ಕ್ಲಿಪ್ ಬಿಗಿಯಬೇಕು. ಒಂದು ಕೇಬಲ್ ಅಡ್ಡ ಬಿದ್ದಿದ್ದರೂ ಅದು ಮುಚ್ಚುವುದಿಲ್ಲ. ಮುಚ್ಚದ ಬಾಗಿಲಿನಿಂದ ಒಂದು ಕೋಣೆಯ ಅಪಾಯ ಇಡೀ ಹಡಗಿಗೆ ಹಬ್ಬುತ್ತದೆ. ಕೇಬಲ್ಲಿನ ಜೋಡಣೆಯನ್ನು ಬಾಗಿಲ ಪಕ್ಕಕ್ಕೇ ತನ್ನಿ, ಬೇಕಾದಾಗ ಕಿತ್ತು ಎಳೆದುಬಿಡಬಹುದು ಎಂದು ನಮ್ಮ ಚೀಫ್‌ಗೆ ಹೇಳಿದೆ. ಹಾಗೇ ಮಾಡಿಸಿದರು. ನಾಲ್ಕು ದಿನವೂ ಕಣ್ಣು ನಟರ ಮೇಲಿದ್ದರೂ ಕೈ ಆ ಜೋಡಣೆಯ ಹತ್ತಿರವೇ ಇತ್ತು.

ಧ್ವನಿ ಹಿಡಿಯುವವರ ಪಾಡು ಕಷ್ಟದ್ದು. ಹಡಗಿನೊಳಗೆ ಗಾಳಿಯ ಬ್ಲೋವರ್‌ಗಳು ಹಗಲು ರಾತ್ರಿ ಮೊರೆಯುತ್ತಿರುತ್ತವೆ. ನಮಗೆ ಅದು ಕೇಳಿಸುವುದೇ ಇಲ್ಲ, ನಿಂತರೆ ಮಾತ್ರ ನಿದ್ದೆಯಿಂದ ಎಚ್ಚರವಾಗುತ್ತದೆ. ಹತ್ತು ನಿಮಿಷ ನಿಲ್ಲಿಸಿ ಎಂದು ಬೇಡಿಕೊಂಡರು. ಆಗುವುದಿಲ್ಲ ಎಂಬ ಉತ್ತರ ಬಂತು. ಕೊನೆಗೆ ಮಾತನ್ನೆಲ್ಲ ಆಮೇಲೆ ಡಬ್ ಮಾಡಿಕೊಂಡರಂತೆ.

ಎರಡನೆಯ ದಿನ ನಾಯಕನಟ ಬರಿತಲೆಯಲ್ಲಿ, ಅಂಗೈ ಎದುರಿಗೆ ತೋರಿಸಿ ಸಲ್ಯೂಟ್ ಹೊಡೆದರು. ಅಂಗೈ ಹಾಗೆ ತೋರಿಸುವುದು ಭೂಸೇನೆಯ ಸಲ್ಯೂಟ್. ನಮ್ಮಲ್ಲಿ ಅಂಗೈ ಕೆಳಮುಖವಾಗಿ ವಾಲಿರಬೇಕು, ತಲೆಯ ಮೇಲೆ ಟೋಪಿ ಇರಬೇಕು. ಹಗ್ಗ, ಟಾರು ಹಿಡಿದು ಕಪ್ಪಾದ ಅಂಗೈ ಅಧಿಕಾರಿಗೆ ಕಾಣಬಾರದೆಂದು ಹೀಗಾಯಿತು ಅಂತ ಹಿರಿಯರು ಹೇಳುತ್ತಿದ್ದರು. ತಿದ್ದಲು ಚೀಫ್ ನನ್ನನ್ನೇ ಕರೆದರು. ನನಗೂ ಚಿಕ್ಕಂದಿನಲ್ಲಿ ಅಂಗಳದಲ್ಲಿ ನಿಲ್ಲಿಸಿ ಅಪ್ಪ ಕಲಿಸಿದ್ದು ಆ ಭೂಸೇನೆಯ ಸಲ್ಯೂಟೇ. ತರಬೇತಿಯಲ್ಲಿ ಅದನ್ನು ಮರೆಯಲು ವಾರಗಟ್ಟಲೆ ಹಿಡಿದಿತ್ತು. ಹಾಗಾಗಿ ಕೈ ಎಲ್ಲಿ ತಪ್ಪುತ್ತದೆ ಎಂದು ನನಗೆ ಗೊತ್ತಿತ್ತು: ಮಣಿಕಟ್ಟಿನಲ್ಲಿ. ಅವರ ಮಣಿಕಟ್ಟು ಹಿಡಿದು ತಿರುಗಿಸಿ ತೋರಿಸಿದೆ. ಇಪ್ಪತ್ತು ಸಲವಾದರೂ ಮಾಡಿರಬೇಕು, ಒಮ್ಮೆಯೂ ಬೇಸರಪಡಲಿಲ್ಲ. ಆ ಮನುಷ್ಯನ ಮೇಲೆ ನನಗೆ ಇಂದಿಗೂ ಗೌರವ.

ಸಿನಿಮಾ ಮಡಿಕೇರಿಗೆ ಬಂದಾಗ ರಜೆಯಲ್ಲಿದ್ದೆ. ಅವ್ವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವಳು ಅದುವರೆಗೆ ಸಮುದ್ರವನ್ನೇ ನೋಡಿರಲಿಲ್ಲ. ಹಡಗಿನ ಮುಂಭಾಗದ 4.5 ಇಂಚಿನ ಜೋಡಿ ಫಿರಂಗಿ ಕಂಡಾಗ ನನ್ನ ತೋಳು ಹಿಡಿದುಕೊಂಡಳು. ಸಲ್ಯೂಟ್ ಸರಿಯಾಗಿ ಬಂದಿತ್ತು. ಹೊರಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ ಮಾತು: "ನೀನು ಮಲಗೋ ಜಾಗ ತೋರಿಸಲೇ ಇಲ್ವಲ್ಲ ಮಗ?"

ಕ್ಯಾಮೆರಾ ನಮ್ಮ ಮೆಸ್‌ಡೆಕ್‌ಗೆ ಇಳಿದೇ ಇರಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಕಣದಲ್ಲಿ ಇದ್ದಿಲಿನಿಂದ ನನ್ನ ಬಂಕ್ ಬರೆದು ತೋರಿಸಿದೆ. ಹೀಗೆ ಒಂದರ ಮೇಲೊಂದು ಮೂರು, ನಂದು ನಡುವಿನದು ಅಂದೆ. ಹಡಗು ಎಷ್ಟುದ್ದ ಅಂದಳು. ಕಣದ ತುದಿಯಿಂದ ಹೆಜ್ಜೆ ಎಣಿಸುತ್ತ ತೋಟದೊಳಗಿನ ಸಿಲ್ವರ್ ಮರದವರೆಗೆ ನಡೆದು, ಅಲ್ಲಿಂದ ಕೂಗಿದೆ. ವಾಪಸ್ಸು ಬರುವಷ್ಟರಲ್ಲಿ ಅವಳು ಇದ್ದಿಲಿನ ಗೆರೆಗಳ ನಡುವೆ ಕೂತು, ಅಗಲವನ್ನು ಗೇಣಿನಲ್ಲಿ ಅಳೆಯುತ್ತಿದ್ದಳು.

"ಅಷ್ಟು ದೊಡ್ಡ ಹಡಗಲ್ಲಿ ನಿಂಗೆ ಇಷ್ಟೇನಾ? ಮಗ್ಗುಲು ಹೇಗೆ ಬದಲಿಸ್ತೀಯಾ?" ಅಂದಳು.